ಸಮಾಧಿ ತೋಟದ ಗೇಟಿನ ಹೊರಗೆ

ರಿಯಾಕ್ಟರಿಗೆ ಪುಡಿ ಸುರಿಯುವ ಮುಂಚೆ ನೈಟ್ರೋಜನ್ ಕೊಡಬೇಕು. ನಮ್ಮ ಕೆಲಸದಲ್ಲಿ ಇದಕ್ಕಿಂತ ಸರಳವಾದ ಪಾಠ ಇಲ್ಲ. ಆ ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಪೆಟ್ರೋಲಿನಂತೆ ಹೊತ್ತಿಕೊಳ್ಳುವ ದ್ರಾವಕ ಇರುತ್ತದೆ. ಅದರ ಮೇಲೆ ಆವಿ ತುಂಬಿರುತ್ತದೆ. ಪ್ಲಾಸ್ಟಿಕ್ ಚೀಲದಿಂದ ಒಣ ಪುಡಿ ಜಾರುವಾಗ, ಚಳಿಗಾಲದಲ್ಲಿ ಸ್ವೆಟರ್ ಬಿಚ್ಚಿದರೆ ಚಟಪಟ ಅನ್ನುತ್ತದಲ್ಲ, ಅಂಥದೇ ಕಿಡಿ ಹುಟ್ಟುತ್ತದೆ. ನೈಟ್ರೋಜನ್ ಬಿಟ್ಟು ಒಳಗಿನ ಗಾಳಿಯನ್ನು ಹೊರಗೆ ತಳ್ಳಿದ್ದರೆ ಕಿಡಿ ಅಲ್ಲೇ ಸಾಯುತ್ತದೆ. ತಳ್ಳದಿದ್ದರೆ ಮನುಷ್ಯ ಸಾಯುತ್ತಾನೆ. ಪರವಾಡದ ಒಂದು ಔಷಧ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯಾಗಿ ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಕೇಳುವವರ ಆಕಳಿಕೆ ನೋಡಿ ನೋಡಿ ನನಗೇ ಆಕಳಿಕೆ ಬರುತ್ತಿತ್ತು.

ಆ ಶನಿವಾರದ ಪಾಳಿಯಲ್ಲಿ ನೈಟ್ರೋಜನ್ ಕೊಟ್ಟಿರಲಿಲ್ಲ. ರಿಯಾಕ್ಟರಿನ ಬಾಯಿಂದ ಎದ್ದ ಬೆಂಕಿ, ಎದುರಿಗೆ ಚೀಲ ಹಿಡಿದು ನಿಂತಿದ್ದ ಕಿರಿಯ ಆಪರೇಟರನನ್ನು ಅಲ್ಲೇ ಮುಗಿಸಿತು. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ಮೈಯೆಲ್ಲ ಸುಟ್ಟುಕೊಂಡು ಗಾಜುವಾಕದ ಆಸ್ಪತ್ರೆ ಸೇರಿದ. ಇಬ್ಬರೂ ವಿಜಯವಾಡದವರು. ಒಂದೇ ಬೀದಿ, ಒಂದೇ ಚರ್ಚು. ಕಿರಿಯವನು ವಿಧವೆ ತಾಯಿಯ ಒಬ್ಬನೇ ಮಗ. ಆ ತಾಯಿಯ ಮುಂದೆ ನಿಂತು, ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಅವನನ್ನು ಕೆಲಸಕ್ಕೆ ಕರೆತಂದವನು ಈ ಹಿರಿಯವನೇ.

ಅಪಘಾತವಾದರೆ ಬದುಕಿ ಉಳಿದವರ ಹೇಳಿಕೆ ತೆಗೆದುಕೊಳ್ಳುವುದು ನನ್ನ ಕೆಲಸ. ಗೌನು, ಮುಖಕ್ಕೆ ಮಾಸ್ಕು, ಕಾಲಿಗೆ ಚೀಲ ಏರಿಸಿಕೊಂಡು ಬರ್ನ್ಸ್ ವಾರ್ಡಿಗೆ ಹೋದೆ. ಸುಟ್ಟ ಮನುಷ್ಯ ಮೊದಮೊದಲು ಚೆನ್ನಾಗಿಯೇ ಮಾತಾಡುತ್ತಾನೆ, ಅದೇ ಮೋಸ. ನೋಡಿದವರಿಗೆ ಬದುಕುತ್ತಾನೆ ಅನ್ನಿಸುತ್ತದೆ. ಆಮೇಲೆ ನಂಜು ಏರುತ್ತದೆ. ವಾರ್ಡಿನ ಡಾಕ್ಟರು ನನಗೆ ಮೊದಲೇ ತಲೆಯಾಡಿಸಿ ತೋರಿಸಿದ್ದರು. ಏನು ಕೇಳಬೇಕೋ ಬೇಗ ಕೇಳಿ ಎಂಬುದು ಅದರ ಅರ್ಥ.

ಹಿರಿಯವನು ಆಡಿದ್ದು ತೆಲುಗು. ಆ ದಿನಗಳಲ್ಲಿ ಎಲ್ಲರೂ ಆಡಿದ್ದು ತೆಲುಗೇ. ಆದರೆ ನನ್ನ ನೆನಪಿನಲ್ಲಿ ಎಲ್ಲವೂ ಕನ್ನಡದಲ್ಲೇ ಉಳಿದಿದೆ.

"ಬರ್ಕೊಳ್ಳಿ ಸಾರ್. ನೈಟ್ರೋಜನ್ ಬೇಡ ಅಂದವನು ನಾನೇ. ಅವನು ಕೊಡೋಣ ಅಣ್ಣಾ ಅಂತ ವಾಲ್ವಿಗೆ ಕೈ ಹಾಕಿದ್ದ. ಟೈಮಿಲ್ಲ, ಬಿಡು ಅಂದೆ."

"ಯಾಕೆ ಟೈಮಿರಲಿಲ್ಲ?"

"ಮಾರನೇ ದಿನ ಮೊದಲನೇ ಭಾನುವಾರ ಸಾರ್. ಬಲ್ಲ."

ನನಗೆ ಕೂಡಲೇ ಅರ್ಥವಾಯಿತು. ಬಲ್ಲ ಎಂದರೆ ಮೇಜು. ತಿಂಗಳ ಮೊದಲನೇ ಭಾನುವಾರ ಅವರ ಚರ್ಚಿನಲ್ಲಿ ಪ್ರಭುವಿನ ಭೋಜನ ಕೊಡುತ್ತಾರೆ, ರೊಟ್ಟಿಯ ಒಂದು ತುಣುಕು, ದ್ರಾಕ್ಷಾರಸದ ಒಂದು ಗುಟುಕು. ಇವರಿಬ್ಬರೂ ಅದನ್ನು ತಪ್ಪಿಸಿಕೊಂಡವರಲ್ಲ. ಶನಿವಾರ ಪಾಳಿ ಮುಗಿದ ಕೂಡಲೇ ಕಂಪನಿ ಬಸ್ಸು ಹಿಡಿದು, ಅನಕಾಪಲ್ಲಿಯಲ್ಲಿ ಇಳಿದು, ಸಿಕ್ಕ ರೈಲಿಗೆ ನೇತುಬಿದ್ದು ವಿಜಯವಾಡ ಸೇರುತ್ತಿದ್ದರು. ಆ ದಿನ ಪುಡಿ ಸುರಿಯುವ ಯಂತ್ರ ಕೆಟ್ಟು ಕೂತಿತ್ತು, ಕೈಯಿಂದಲೇ ಸುರಿಯಬೇಕಾಗಿ ಕೆಲಸ ಹಿಂದೆ ಬಿದ್ದಿತ್ತು. ನೈಟ್ರೋಜನ್ನಿಗೆ ಕಾಯುತ್ತ ಕೂತರೆ ಬಸ್ಸು ಹೋಗುತ್ತಿತ್ತು. ದೇವರ ಮೇಜಿಗೆ ತಡವಾಗಬಾರದು ಎಂದು ಅವಸರಪಟ್ಟು ಒಬ್ಬನ ಜೀವ ತೆಗೆದಿದ್ದ. ಅಯ್ಯೋ ದೇವರೇ, ಇದನ್ನು ನಾನು ವರದಿಯಲ್ಲಿ ಯಾವ ಕಾರಣದ ಕೆಳಗೆ ಬರೆಯಲಿ?

ನಾನೂ ಕ್ರೈಸ್ತ, ಗದಗ ಬೆಟಗೇರಿಯ ಕಡೆಯವನು ಎಂದು ಆತನಿಗೆ ಗೊತ್ತಿತ್ತು. ಅದಕ್ಕೇ ಇರಬೇಕು, ಹೇಳಿಕೆ ಮುಗಿದ ಮೇಲೂ ನನ್ನನ್ನು ಬಿಡಲಿಲ್ಲ.

"ಸಾರ್, ದೇವರು ಒಳಗೆ ಬಿಡ್ತಾನಾ?"

"ಬಿಡ್ತಾನೆ. ಸುಮ್ನೆ ಮಲಗು" ಎಂದೆ. ರೋಗಿಗಳಿಗೆ ಹೇಳುವ ಹಾಗೆ ಹೇಳಿಬಿಟ್ಟೆ. ಯೋಚನೆ ಮಾಡಿ ಹೇಳಿದ್ದಲ್ಲ.

"ನಮ್ಮ ಅಯ್ಯಗಾರೂ ಹಾಗೇ ಅಂತಾರೆ." ಅಯ್ಯಗಾರು ಎಂದರೆ ಅವರ ಪಾಸ್ಟರು. "ಪ್ರತಿ ಸಲ ಬಲ್ಲದ ಹತ್ರ ನಿಂತು ಹೇಳ್ತಾರೆ, ಇದು ಯೋಗ್ಯತೆ ಇದ್ದವರಿಗಲ್ಲ, ಹಸಿದವರಿಗೆ, ಯಾರು ಬೇಕಾದರೂ ಬನ್ನಿ ಅಂತ. ನಾನು ಸತ್ರೆ ನಮ್ಮ ಚರ್ಚಿನ ಸಮಾಧಿ ತೋಟದಲ್ಲೇ ಹಾಕಿಸಿ ಸಾರ್. ಅವನ ಕಾಲ ಹತ್ರ ಜಾಗ ಇದ್ರೆ ಅಲ್ಲಿ. ಆದ್ರೆ ಮೊದಲು ನಾನು ಮಾಡಿದ್ದನ್ನ ಸಭೆಯವರಿಗೆಲ್ಲ ಹೇಳಿ. ಮುಚ್ಚಿಡಬೇಡಿ. ಮುಚ್ಚಿಟ್ರೆ ಅವರು ಕ್ಷಮಿಸೋದು ಇನ್ಯಾರನ್ನೋ, ನನ್ನನ್ನಲ್ಲ."

ಹೂಂ ಎಂದೆ. ಇನ್ನೇನನ್ನಲಿ? ಮರುದಿನ ಗಂಟಲಿಗೆ ಕೊಳವೆ ಹಾಕಿದರು, ಮಾತು ನಿಂತಿತು. ಅದೇ ವೇಳೆಗೆ ವಿಜಯವಾಡದಲ್ಲಿ ಕಿರಿಯವನ ಮಣ್ಣಾಯಿತು. ಹಿರಿಯವನ ಹೆಂಡತಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸೆರಗು ಹೊದ್ದು ಕೂತವಳು ಅಲ್ಲೇ ಉಳಿದಳು. ದಿನಾ ಸಂಜೆ ಹೋದಾಗ, "ಅಣ್ಣಾ, ಬಿಪಿ ಸ್ವಲ್ಪ ಏರಿದೆಯಂತೆ, ಒಳ್ಳೇದೇ ಅಲ್ವಾ?" ಎಂದು ಕೇಳುವಳು. ಬಿಪಿ ಏರಿದ್ದು ಔಷಧದ ಬಲದಿಂದ. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಎರಡನೇ ವಾರ ಒಂದು ಮಧ್ಯಾಹ್ನ ಆತ ತೀರಿಕೊಂಡ.

ಸತ್ತ ಮೇಲೆ ಶುರುವಾಗುವ ಕೆಲಸ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾರ್ಖಾನೆಯ ಸಾವಾದ್ದರಿಂದ ಪೊಲೀಸರು ಬಂದು ಮಹಜರು ಮಾಡಬೇಕು. ಮಹಜರಿಗೆ ಪಂಚರು ಬೇಕು, ಪಂಚರು ಸಿಕ್ಕಾಗ ಬರೆಯುವ ಜಮಾದಾರರು ಇರುವುದಿಲ್ಲ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಒಯ್ದು ಮರಣೋತ್ತರ ಪರೀಕ್ಷೆ. ಕೊಯ್ದು ಹೊಲಿದ ಮೇಲೆ, ಅದೂ ಸುಟ್ಟ ದೇಹ, ಕೆಡದಂತೆ ಔಷಧ ಏರಿಸುವುದು ಕಷ್ಟ. ರಕ್ತನಾಳ ಸಿಗುವುದಿಲ್ಲ. ಶವಾಗಾರದ ಟೆಕ್ನಿಷಿಯನ್ ಹುಡುಕಾಡಿ ಸೋತು, "ಸಾರ್, ಇದು ದೂರದ ದಾರಿ ತಡೆಯೋದಿಲ್ಲ, ನಾಳೆ ಮಧ್ಯಾಹ್ನದೊಳಗೆ ಮಣ್ಣು ಮಾಡಿಬಿಡಿ" ಎಂದ. ಪೆಟ್ಟಿಗೆ ಮಾಡುವವನು ಸಾಮಾನ್ಯ ಅಳತೆಯದು ತಂದಿದ್ದ. ಬ್ಯಾಂಡೇಜು, ಬಾವು ಸೇರಿ ದೇಹ ಅದರಲ್ಲಿ ಹಿಡಿಸಲಿಲ್ಲ. ಅವನ ಮೇಲೆ ಕೂಗಾಡಿದೆ, ಪಾಪ ಅವನದೇನು ತಪ್ಪು? ದೊಡ್ಡದು ಮಾಡಿಸಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಬಿಳಿ ಬಟ್ಟೆ ಹೊದಿಸಿ ಮೊಳೆ ಹೊಡೆಸಿದೆ. ಕೊನೆಯ ಸಲ ಮುಖ ತೋರಿಸಲು ಪೆಟ್ಟಿಗೆ ತೆರೆದಿಡುವುದು ಅವರ ಪದ್ಧತಿ. ತೆರೆಯುವ ಹಾಗಿರಲಿಲ್ಲ.

ಪೆಟ್ಟಿಗೆಯ ಜೊತೆ ಯಾರಾದರೂ ಹೋಗಬೇಕು. ಕಂಪನಿಯಲ್ಲಿ ಎಲ್ಲರಿಗೂ ಒಮ್ಮೆಲೇ ಏನೇನೋ ಕೆಲಸ ನೆನಪಾಯಿತು. ನನ್ನ ಮೇಲಿನವರು ಫೋನ್ ಮಾಡಿ, "ನೀವೇ ಹೋಗಿಬನ್ನಿ. ನಿಮ್ಮವರೇ ಅಲ್ಲವೇ? ಆದರೆ ಅಲ್ಲಿ ಕಾರಣ ಗೀರಣ ಮಾತಾಡಬೇಡಿ. ತನಿಖೆ ನಡೀತಿದೆ ಅನ್ನಿ ಸಾಕು" ಎಂದರು. ಆ ನಿಮ್ಮವರು ಎಂಬ ಮಾತಿಗೆ ನನಗೆ ಮೈ ಉರಿಯಿತು. ಪುಡಿ ಸುರಿಯುವ ಯಂತ್ರ ಕೆಟ್ಟಿದೆ, ರಿಪೇರಿ ಮಾಡಿಸಿ ಎಂದು ನಾನು ಬಾಯಿ ಬಡಿದುಕೊಂಡಾಗ ಕೇಳಿಸದ ಕಿವಿ ಅದು.

ಮನೆಯಲ್ಲಿ ನನ್ನ ಹೆಂಡತಿ ಬುತ್ತಿ ಕಟ್ಟುತ್ತ, "ನೀವ್ಯಾಕ್ರೀ ಹೊಂಟೀರಿ? ಆ ಹುಡುಗನ ತಾಯಿ ಮಾರಿ ಹೆಂಗ್ ನೋಡ್ತೀರಿ?" ಎಂದಳು.

"ಮಾತು ಕೊಟ್ಟೀನಿ."

"ಸಾಯೋರಿಗೆ ಎಲ್ಲಾರೂ ಮಾತು ಕೊಡ್ತಾರ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿ ಕೊಟ್ಟಳು. "ಹೋಗಿ ಬರ್ರಿ. ಆತನ ಹೆಂಡ್ತೀನ ಒಬ್ಬಾಕೀನ ಬಿಟ್ಟು ಬರಬ್ಯಾಡ್ರಿ."

ಬೆಳಕು ಹರಿಯುವ ಮೊದಲೇ ಆಂಬುಲೆನ್ಸಿನಲ್ಲಿ ಹೊರಟೆವು. ಹಿಂದೆ ಐಸಿನ ನಡುವೆ ಪೆಟ್ಟಿಗೆ, ಅದರ ಪಕ್ಕ ಆತನ ಹೆಂಡತಿ. ಮುಂದೆ ನಾನು ಮತ್ತು ಡ್ರೈವರ್. ಗಾಜುವಾಕ ದಾಟುವುದರೊಳಗೆ ನನ್ನ ಫೋನಿನ ಮಾತು ಕೇಳಿಸಿಕೊಂಡ ಡ್ರೈವರ್, "ಕನ್ನಡದೋರಾ ಸಾರ್? ನಮ್ದು ಸಿರುಗುಪ್ಪ" ಎಂದ. ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು. ಅನಕಾಪಲ್ಲಿಯ ಹತ್ತಿರ ಬೆಲ್ಲದ ವಾಸನೆ ಬಂತು. ಹಿಂದಿನಿಂದ ಬರುತ್ತಿದ್ದ ಔಷಧದ ವಾಸನೆಯ ಜೊತೆ ಅದು ಬೆರೆಯಿತು, ಕಿಟಕಿ ಏರಿಸಿಬಿಟ್ಟೆ. ಇಬ್ಬರೂ ಶನಿವಾರ ಇಳಿಯುತ್ತಿದ್ದ ಊರು ಅದು.

ಗೋದಾವರಿ ಸೇತುವೆ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರಿಗೆ ವಿಷಯವೆಲ್ಲ ಹೇಳಿದೆ. ಎದೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ.

"ಹೇಳ್ಲೇಬೇಕಂತಾ ಏನೈತಿ ಸಾರ್?" ಎಂದ ಅವನು. "ಸತ್ತೋನು ಸತ್ತ. ಮಿಷನ್ ಕೆಟ್ಟಿತ್ತು ಅನ್ರಿ, ಸುಳ್ಳೇನಲ್ಲಲ್ಲ ಅದು."

ಸುಳ್ಳಲ್ಲ, ಅದೇ ನನ್ನ ಕಷ್ಟವಾಗಿತ್ತು. ಯಂತ್ರ ನಿಜವಾಗಿಯೂ ಕೆಟ್ಟಿತ್ತು. ಅಷ್ಟೇ ಹೇಳಿ ಬಾಯಿ ಮುಚ್ಚಿದರೆ ಆತ ನಿರಪರಾಧಿ. ಗೇಟು ತೆರೆಯುತ್ತದೆ, ಹಾಡು ಹಾಡುತ್ತಾರೆ, ಮಣ್ಣಾಗುತ್ತದೆ. ಹೆಂಡತಿಗೂ ತಲೆಯೆತ್ತಿ ಬಾಳುವ ದಾರಿ. ಏಲೂರಿನವರೆಗೂ ಇದನ್ನೇ ಲೆಕ್ಕ ಹಾಕುತ್ತ ಕೂತೆ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ ಅನ್ನಿಸುತ್ತಿತ್ತು.

ವಿಜಯವಾಡ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಚರ್ಚಿನ ಸಮಾಧಿ ತೋಟ ಕಾಲುವೆಯ ಪಕ್ಕದಲ್ಲಿ. ಸುತ್ತ ಎದೆಯೆತ್ತರದ ಗೋಡೆ, ಕಬ್ಬಿಣದ ಗೇಟು. ಗೇಟಿಗೆ ಬೀಗ ಹಾಕಿತ್ತು. ಒಳಗೆ ಒಂದು ಹೊಸ ಗುಂಡಿ ತೋಡಿದ್ದು ಗೋಡೆಯ ಮೇಲಿಂದ ಕಾಣುತ್ತಿತ್ತು. ಅದರ ಹತ್ತಿರವೇ ಬಾಡಿದ ಹೂವಿನ ಹಾರ ಹೊತ್ತ ಇನ್ನೊಂದು ಮಣ್ಣಿನ ದಿಬ್ಬ, ಕಿರಿಯವನದು. ಗುಂಡಿ ತೋಡಿಸಿದ್ದು ಪಾಸ್ಟರು. ಬೀಗ ಹಾಕಿಸಿದ್ದು ಸಭೆಯ ಹಿರಿಯರು. ಗೇಟಿನ ಮುಂದೆ ನೆಲದ ಮೇಲೆ, ಬಿಳಿ ಸೀರೆಯ ಹೆಂಗಸೊಬ್ಬಳು ಬೆನ್ನನ್ನು ಕಂಬಿಗಳಿಗೆ ಆನಿಸಿ ಕೂತಿದ್ದಳು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳು ಆ ತಾಯಿ.

ಪಾಸ್ಟರು ನನ್ನನ್ನು ಆಂಬುಲೆನ್ಸಿನ ಮರೆಗೆ ಕರೆದೊಯ್ದರು. ವಯಸ್ಸಾದವರು, ಬೆವರು ಒರೆಸಿ ಒರೆಸಿ ಕರವಸ್ತ್ರ ನೆನೆದಿತ್ತು. ನಾನು "ವಂದನಾಲು ಅಯ್ಯಗಾರು" ಎಂದೆ.

"ವಂದನಾಲು. ಬೆಳಗ್ಗೆಯಿಂದ ಒಪ್ಪಿಸೋಕೆ ನೋಡ್ತಿದ್ದೀನಿ. ಊರೆಲ್ಲ ಸುದ್ದಿ, ಇವನೇ ಮಾಡಿದ್ದು ಅಂತ. ನೀವು ಕಂಪನಿಯ ಆಫೀಸರು, ತನಿಖೆ ಮಾಡಿದವರು. ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಿ, ಯಂತ್ರದ ದೋಷ ಅಂತ. ಹಿರಿಯರು ಬೀಗ ತೆಗೀತಾರೆ. ಆಕೆಯೂ ಎದ್ದುಹೋಗ್ತಾಳೆ."

"ಯಂತ್ರದ ದೋಷವೂ ಇತ್ತು ಅಯ್ಯಗಾರು."

"ಇತ್ತಲ್ಲ? ಅಷ್ಟೇ ಹೇಳಿ ಮತ್ತೆ."

ಕಂಪನಿಗೂ ನಾನು ಸುಮ್ಮನಿರಬೇಕಿತ್ತು, ದೇವರ ಸೇವಕರಿಗೂ ನಾನು ಸುಮ್ಮನಿರಬೇಕಿತ್ತು. ಇಬ್ಬರಿಗೂ ಬೇಕಾಗಿದ್ದು ಒಂದೇ ಅರ್ಧ ಮಾತು. ನಾನು ಆತನ ಹೆಂಡತಿಯ ಕಡೆ ನೋಡಿದೆ. ಅವಳು ಆಂಬುಲೆನ್ಸಿನ ಹಿಂಬಾಗಿಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಏನಮ್ಮಾ, ಏನು ಹೇಳಲಿ?" ಎಂದೆ. ಕೇಳಬಾರದಿತ್ತು, ಆದರೂ ಕೇಳಿದೆ. ಜಾಗ ಬೇಕಾಗಿದ್ದದ್ದು ಅವಳ ಗಂಡನಿಗೆ.

ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ನನಗೂ ಹೇಳಿದ್ರು ಅಣ್ಣಾ, ಕೊಳವೆ ಹಾಕೋ ಮೊದಲು. ಮುಚ್ಚಿಡಬೇಡ ಅಂದ್ರು. ಹೇಳಿಬಿಡಿ. ಬಿಟ್ರೆ ಬಿಡಲಿ, ಇಲ್ಲದಿದ್ರೆ ಇಲ್ಲ."

ಗೇಟಿನ ಹತ್ತಿರ ಹೋದೆ. ಸಭೆಯವರು ಸುತ್ತ ಸೇರಿದರು. ಗಂಡಸರು ಒಂದು ಕಡೆ, ಸೆರಗು ಹೊದ್ದ ಹೆಂಗಸರು ಇನ್ನೊಂದು ಕಡೆ, ಚರ್ಚಿನಲ್ಲಿ ಕೂರುವ ಹಾಗೆಯೇ. ಕಾರ್ಖಾನೆಯಲ್ಲಿ ಪಾಠ ಹೇಳುವ ರೀತಿಯಲ್ಲೇ ಹೇಳಿದೆ, ನನಗೆ ಬೇರೆ ರೀತಿ ಬರುವುದಿಲ್ಲ. ದ್ರಾವಕ, ಆವಿ, ಪುಡಿ, ಕಿಡಿ. ಯಂತ್ರ ಕೆಟ್ಟಿತ್ತು, ಕಂಪನಿ ರಿಪೇರಿ ಮಾಡಿಸಿರಲಿಲ್ಲ, ಅದು ಕಂಪನಿಯ ತಪ್ಪು ಎಂದೆ. ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಪಾಸ್ಟರು ಕಣ್ಣು ಮುಚ್ಚಿ ತಲೆಯಾಡಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೈಯಿಂದ ಸುರಿಯುವಾಗ ನೈಟ್ರೋಜನ್ ಕೊಡಲೇಬೇಕಿತ್ತು, ಈ ಪೆಟ್ಟಿಗೆಯಲ್ಲಿರುವವರಿಗೆ ಅದು ಗೊತ್ತಿತ್ತು, ಬಸ್ಸಿಗೆ ಹೊತ್ತಾಗುತ್ತದೆ ಎಂದು ಬಿಟ್ಟರು, ನಿಮಗೆ ಇದನ್ನು ಹೇಳು ಎಂದು ಅವರೇ ನನ್ನನ್ನು ಕೇಳಿಕೊಂಡರು ಎಂದೆ.

ಆ ತಾಯಿ ಆಗ ಮೊದಲ ಸಲ ನನ್ನ ಕಡೆ ನೋಡಿದಳು.

"ಆ ವಾಲ್ವು ದೂರ ಇತ್ತಾ?"

"ಇಲ್ಲಮ್ಮಾ. ಕೈಗೆ ಸಿಗೋ ಹಾಗೇ ಇತ್ತು."

"ತಿರುಗಿಸಿದ್ರೆ ನನ್ನ ಮಗ ಬದುಕ್ತಿದ್ದನಾ?"

ತಿರುಗಿಸಿದ್ದರೂ ಏನಾದರೂ ಆಗಬಹುದಿತ್ತು ಎನ್ನಬಹುದಿತ್ತು. ನಮ್ಮ ವರದಿಗಳಲ್ಲಿ ಅಂಥ ಮಾತುಗಳಿಗೇನೂ ಕೊರತೆಯಿಲ್ಲ.

"ಬದುಕ್ತಿದ್ದ ಅಮ್ಮಾ."

ಕಿರಿಯವನೇ ವಾಲ್ವಿಗೆ ಕೈ ಹಾಕಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ. ಆಕೆ ಅದನ್ನು ಕೇಳಲಿಲ್ಲ, ಕೇಳದ್ದನ್ನು ಹೇಳಿ ಇನ್ನೊಮ್ಮೆ ಕೊಲ್ಲುವ ಮನಸ್ಸು ನನಗಿರಲಿಲ್ಲ. ಪಾಸ್ಟರು ಮುಂದೆ ಬಂದು ಆಕೆಯ ಪಕ್ಕ ಮಂಡಿಯೂರಿ ಕೂತರು. "ಅಮ್ಮಾ, ತಪ್ಪನ್ನ ತಾನೇ ಒಪ್ಪಿಕೊಂಡಿದ್ದಾನೆ. ಕರ್ತನು ಯಾರನ್ನೂ ತಳ್ಳೋದಿಲ್ಲ. ನಾವು ತಳ್ಳೋದಾ?" ಎಂದರು. ಅವರು ಮನಸಾರೆ ಹೇಳಿದರು. ಅಳುತ್ತಲೇ ಹೇಳಿದರು.

"ಗೊತ್ತು ಅಯ್ಯಗಾರು" ಎಂದಳು ಆಕೆ. ಕೂಗಲಿಲ್ಲ. ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು. "ಕ್ಷಮಿಸ್ತಾನೆ. ಅವನು ಕ್ಷಮಿಸೇ ಕ್ಷಮಿಸ್ತಾನೆ. ಚಿಕ್ಕಂದಿನಿಂದ ಅದನ್ನೇ ಹಾಡ್ಕೊಂಡು ಬಂದಿದ್ದೀನಿ, ನನಗೆ ಗೊತ್ತಿಲ್ವಾ? ಇವನನ್ನ ಒಳಗೆ ಬಿಡ್ತಾನೆ. ನನ್ನ ಮಗ ಕೂತಿರೋ ಬಲ್ಲದ ಹತ್ರಾನೇ ಕೂರಿಸ್ತಾನೆ. ಅಲ್ಲಿ ನಾನು ಏನು ಮಾಡೋಕಾಗುತ್ತೆ? ಅಲ್ಲಿ ಬಾಗಿಲು ಅವನದು." ಹಿಂದಕ್ಕೆ ಕೈ ಚಾಚಿ ಗೇಟಿನ ಕಂಬಿಯನ್ನು ಹಿಡಿದುಕೊಂಡಳು. "ಇದು ನಮ್ಮದು. ಇಲ್ಲಾದ್ರೂ ನನ್ನ ಮಗನಿಗೆ ಅಂತ ಒಂದು ಗೋಡೆ ಇರಲಿ. ನಾನು ಏಳೋದಿಲ್ಲ. ಬೇಕಾದ್ರೆ ನನ್ನ ಮೇಲೆ ತುಳಿದು ಹೊತ್ಕೊಂಡು ಹೋಗಿ."

ಹುಟ್ಟಿದಾಗಿನಿಂದ ಚರ್ಚಿಗೆ ಹೋಗಿದ್ದೇನೆ, ದೇವರ ಕರುಣೆ ಎಲ್ಲರಿಗೂ ಎಂಬುದನ್ನು ಸಿಹಿಸುದ್ದಿ ಎಂದೇ ಕೇಳಿದ್ದೇನೆ. ಅದು ಒಬ್ಬ ತಾಯಿಗೆ ಇಷ್ಟು ಕ್ರೂರವಾಗಿ ಕೇಳಿಸಬಹುದು ಎಂದು ನನಗೆ ಎಂದೂ ಹೊಳೆದಿರಲಿಲ್ಲ. ಆಕೆ ನಂಬದವಳಾಗಿದ್ದರೆ ವಾದ ಮಾಡಬಹುದಿತ್ತು. ಅಲ್ಲಿದ್ದ ನಮ್ಮೆಲ್ಲರಿಗಿಂತ ಹೆಚ್ಚು ನಂಬಿದವಳು ಆಕೆಯೇ ಆಗಿದ್ದಳು.

ಆತನ ಹೆಂಡತಿ ಇಳಿದು ಬಂದು ಸ್ವಲ್ಪ ದೂರದಲ್ಲಿ ನಿಂತಳು. "ಅಕ್ಕಾ" ಎಂದಳು. ಆ ತಾಯಿ ಮುಖ ತಿರುಗಿಸಲಿಲ್ಲ, ನೋಡಲೂ ಇಲ್ಲ. ಎರಡು ವಾರದ ಹಿಂದೆ ಇಬ್ಬರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು.

ಐಸು ಕರಗಿ ಆಂಬುಲೆನ್ಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟೆಕ್ನಿಷಿಯನ್ ಹೇಳಿದ್ದು ನನ್ನ ತಲೆಯಲ್ಲಿತ್ತು. ಪಾಸ್ಟರನ್ನು ಎಬ್ಬಿಸಿ ಕೇಳಿದೆ, "ಪಾಲಿಕೆಯ ಸ್ಮಶಾನಕ್ಕೆ ಒಯ್ಯುತ್ತೇವೆ. ನೀವು ಬಂದು ಪ್ರಾರ್ಥನೆಯಾದರೂ ಮಾಡಿ."

ಅವರು ಆ ತಾಯಿಯನ್ನೂ ಆಂಬುಲೆನ್ಸನ್ನೂ ನೋಡಿದರು. "ನಾನು ಆ ಗಾಡಿ ಹತ್ತಿದ್ರೆ ಈಕೆಗೆ ಯಾರಿದ್ದಾರೆ?" ಎಂದರು. "ಆಮೇಲೆ ಈಕೆ ಯಾವತ್ತೂ ಬಲ್ಲದ ಹತ್ರ ಬರೋದಿಲ್ಲ. ನನಗೆ ಇರೋದು ಒಂದೇ ಮೈ ತಮ್ಮಾ. ಎರಡು ಕಡೆ ಇರೋದು ಕರ್ತನಿಗೆ ಮಾತ್ರ ಸಾಧ್ಯ." ಮತ್ತೆ ಹೋಗಿ ಆಕೆಯ ಪಕ್ಕ ಕೂತರು. ನನಗೆ ಬಹಳ ಸಿಟ್ಟು ಬಂತು. ಥೂ, ಇದೇನಾ ನಿಮ್ಮ ಪಾಸ್ಟರಗಿರಿ ಎಂದು ಬಾಯಿಯವರೆಗೂ ಬಂದಿತ್ತು. ಆ ಜಾಗದಲ್ಲಿ ನಾನಿದ್ದರೂ ಅಲ್ಲೇ ಕೂರುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಪಾಲಿಕೆಯ ಸ್ಮಶಾನದಲ್ಲಿ ಹೂಳುವವರಿಗೆ ಒಂದು ಮೂಲೆ ಬಿಟ್ಟಿದ್ದಾರೆ. ಗೋಡೆ ಗೀಡೆ ಏನಿಲ್ಲ, ಮುಳ್ಳುಪೊದೆ, ಮುರಿದ ಮಡಕೆ. ಕಾವಲುಗಾರ ಕಾಗದಗಳನ್ನು ನೋಡಿ, "ಯಾವ ಜನ?" ಎಂದು ಕೇಳಿದ. ಕ್ರೈಸ್ತರು ಎಂದೆ. "ಮತ್ತೆ ನಿಮ್ಮ ಜನ ಎಲ್ಲಿ?" ಎಂದ. ಆತನ ಹೆಂಡತಿ ತಲೆ ತಗ್ಗಿಸಿದಳು. ಗುಂಡಿ ತೋಡುವವರು ಇಬ್ಬರು ಸಿಕ್ಕರು. ನೆಲ ಗಟ್ಟಿ, ಹಾರೆ ಖಣ್ ಎನ್ನುತ್ತಿತ್ತು. ದೊಡ್ಡ ಪೆಟ್ಟಿಗೆಗೆ ತಕ್ಕ ಗುಂಡಿ ಆಗುವಷ್ಟರಲ್ಲಿ ಬಿಸಿಲು ಇಳಿಯತೊಡಗಿತ್ತು. ಡ್ರೈವರ್ ಅಂಗಿ ಬಿಚ್ಚಿಟ್ಟು ತಾನೂ ಹಾರೆ ಹಿಡಿದ. ಅವನಿಗೆ ಯಾರೂ ಹೇಳಿರಲಿಲ್ಲ. "ನಮ್ ಕಡಿ ಆಗಿದ್ರೆ ಹಿಂಗಾಗ್ತಿದ್ದಿಲ್ಲ ಸಾರ್" ಎಂದು ಶುರು ಮಾಡಿ, ತಾನೇ ಸ್ವಲ್ಪ ಯೋಚಿಸಿ, "ಏನ್ ಹೇಳಾಕಾಗುತ್ತ, ಆಗ್ತಿತ್ತೇನೋ" ಎಂದ.

ಹಗ್ಗ ಹಾಕಿ ಪೆಟ್ಟಿಗೆ ಇಳಿಸಿದೆವು. ತೋಡುವವರಲ್ಲಿ ಒಬ್ಬ ಕೆಳಗೆ ಗುಂಡಿಯಲ್ಲಿ ನಿಂತಿದ್ದ, ನಾಲ್ಕನೇ ತುದಿ ಹಿಡಿಯಲು ಜನ ಸಾಲದೆ ಹೆಂಡತಿಯೇ ಹಿಡಿದಳು. ಆಮೇಲೆ ಅವಳು ನನ್ನ ಕಡೆ ನೋಡಿ, "ಅಣ್ಣಾ, ಪ್ರಾರ್ಥನೆ ಮಾಡಿ" ಎಂದಳು.

ತೆಲುಗಿನಲ್ಲಿ ನನಗೆ ಪಾಠ, ಜಗಳ, ವ್ಯಾಪಾರ ಎಲ್ಲ ಬರುತ್ತದೆ, ಪ್ರಾರ್ಥನೆ ಬರುವುದಿಲ್ಲ. ಅದು ಅವ್ವ ಕಲಿಸಿದ ಕನ್ನಡದಲ್ಲೇ ನಿಂತುಬಿಟ್ಟಿದೆ. ಕಣ್ಣು ಮುಚ್ಚಿ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಶುರು ಮಾಡಿದೆ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಂಥದ್ದು. ರೊಟ್ಟಿ ಕೇಳುವ ಸಾಲು ಮುಗಿಯಿತು. ಮುಂದಿನದು ಕ್ಷಮೆಯ ಸಾಲು, ನಾವು ಬೇರೆಯವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಕೇಳಿಕೊಳ್ಳುವುದು. ನಾಲಗೆ ಏಳಲಿಲ್ಲ. ಕ್ಷಮಿಸಬೇಕಾದವಳು ಊರಿನ ಆ ಕಡೆ ಗೇಟಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಆಕೆಯನ್ನೂ ಸೇರಿಸಿ ನಾವು ಎನ್ನಲು ನಾನ್ಯಾರು? ನನ್ನ ಮಗನೇನು ಸುಟ್ಟು ಸತ್ತಿರಲಿಲ್ಲ. ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋದೆ. ಇಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಡ್ರೈವರಿಗೆ ಭಾಷೆ ಗೊತ್ತು, ಪ್ರಾರ್ಥನೆ ಗೊತ್ತಿಲ್ಲ. ಕೊನೆ ಮುಟ್ಟಿಸಿ ಆಮೆನ್ ಎಂದೆ.

ಹೆಂಡತಿ ಆಮೆನ್ ಎನ್ನಲಿಲ್ಲ. ಕಣ್ಣು ತೆರೆದು ನೋಡಿದರೆ ಅವಳು ಕೈ ಮುಗಿದುಕೊಂಡೇ ನನ್ನನ್ನು ನೋಡುತ್ತಿದ್ದಳು.

"ಅಣ್ಣಾ, ಕ್ಷಮಿಸು ಅನ್ನೋ ಮಾತು ಬರಲಿಲ್ಲ."

ಮುಗಿದ ಕೈ ಇಳಿಸದೆ ಅವಳೇ ಮುಂದುವರಿಸಿದಳು.

"ನಿಮ್ಮ ಭಾಷೆ ನನಗೆ ಬರೋದಿಲ್ಲ. ಆ ಒಂದು ಮಾತು ನಮ್ಮಲ್ಲೂ ಅದೇ ಅಲ್ವಾ? ಅದು ಯಾವಾಗ ಬರುತ್ತೆ ಅಂತ ಕಾಯ್ತಾ ಇದ್ದೆ."

ಅವಳಿಗೆ ಏನೆಂದು ವಿವರಿಸಲಿ? ನಿನ್ನ ಗಂಡನಿಗೆ ಅದನ್ನು ಕೇಳುವ ಹಕ್ಕು ನನಗಿಲ್ಲ ಎನ್ನಲೇ? ವಾರ್ಡಿನ ಆ ದಿನ, ಬಿಡ್ತಾನೆ ಸುಮ್ನೆ ಮಲಗು ಎಂದವನೂ ನಾನೇ. ಮತ್ತೆ ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಿದೆ. ಆ ಸಾಲು ಬಂದಾಗ ನಿಲ್ಲಿಸಿ, ಅವಳಿಗೆ ಕೇಳಿಸುವ ಹಾಗೆ ಬಿಡಿಸಿ ಹೇಳಿದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಆ ತಾಯಿಗೆ ಇದ್ದಷ್ಟು ಖಾತ್ರಿ ನನಗಿರಲಿಲ್ಲ.

ಅವಳು ಆಮೆನ್ ಎಂದಳು. ಆಮೇಲೆ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದಳು.